ಸಂಪಾದಕರ ಉತ್ತರ: ಶಂಖದೊಳಗಿನ ಸದ್ದು ಯಾವುದು?

ಚಿತ್ತಾಪುರದ ಓದುಗರಿಗೆ,

ನಿಮ್ಮ ಪತ್ರವೂ ಅದರೊಂದಿಗೆ ಕಳಿಸಿದ ಫ್ಯಾಂಟಸಿ ಕಥೆಯ ಹನ್ನೆರಡು ಪುಟಗಳೂ ತಲುಪಿವೆ. ಕಾಗಿಣಾದಂಥ ನದಿ, ಮಳಖೇಡದಂಥ ಕೋಟೆ, ಅಲ್ಲಿ ಕಡಲನ್ನೇ ಕಾಣದೆ ಅದಕ್ಕಾಗಿ ಹಂಬಲಿಸುವ ನೇಕಾರರ ಹುಡುಗಿ. ಓದಿದವರು ‘ಹಂಬಲ ತಟ್ಟುತ್ತಿಲ್ಲ’ ಅಂದರಂತೆ. ನೀವೂ ಕಡಲು ನೋಡಿಲ್ಲ; ಗೋಕರ್ಣಕ್ಕೆ ಹೋಗಿಬಂದು ತಿದ್ದಲೇ ಎಂದು ಕೇಳಿದ್ದೀರಿ.

ಹೋಗಿಬನ್ನಿ, ಆದರೆ ಕಥೆಗಾಗಿ ಬೇಡ. ನಿಮ್ಮ ಪುಟಗಳಲ್ಲಿ ಕಡಲು ಕಡಿಮೆಯಾಗಿಲ್ಲ, ಅತಿಯಾಗಿದೆ. ಮೂರನೇ ಪುಟದ ಕನಸಿನಲ್ಲೇ ನೀಲಿ ಅಲೆ, ನೊರೆ, ಮರಳು, ಹಾಯಿ ಎಲ್ಲ ಬಂದುಬಿಟ್ಟಿವೆ. ಇಷ್ಟೆಲ್ಲ ಕಂಡಾದ ಮೇಲೆ ಅವಳು ಹಂಬಲಿಸುವುದು ಯಾವುದಕ್ಕೆ?

ಟೋಲ್ಕಿನ್ ಇದನ್ನು ಹೇಗೆ ಮಾಡಿದ್ದಾನೆ ನೋಡಿ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ (1954–55) ಲೆಗೊಲಾಸ್ ಎಲ್ಫ್ ಎಂಬ ಕಾಲ್ಪನಿಕ ಕುಲದವನು, ಕಾಡಿನವನು. ಕಡಲಹಕ್ಕಿಯ ಕೂಗು ಕೇಳಿದರೆ ನಿನ್ನ ಮನಸ್ಸು ಮತ್ತೆ ಕಾಡಿನಲ್ಲಿ ನಿಲ್ಲದು ಎಂಬ ಎಚ್ಚರಿಕೆ ಅವನಿಗೆ ಮೊದಲೇ ಬಂದಿರುತ್ತದೆ. ಆ ಕೂಗು ಕಿವಿಗೆ ಬೀಳುವುದು ಪೆಲಾರ್ಗಿರ್‌ನಲ್ಲಿ. ಅದು ನದಿಯ ಮೇಲಿನ ಬಂದರು, ಕಡಲ ತೀರವಲ್ಲ. ಕಡಲನ್ನು ತಾನಿನ್ನೂ ಕಂಡಿಲ್ಲ ಎಂದು ಅವನೇ ಹೇಳುತ್ತಾನೆ. ಅಷ್ಟು ದಪ್ಪದ ಪುಸ್ತಕದಲ್ಲಿ ಈ ಎಳೆಗೆ ಸಿಕ್ಕಿರುವ ಜಾಗ ತೀರ ಸ್ವಲ್ಪ. ಅವನು ಕೊನೆಗೂ ಹಡಗು ಕಟ್ಟಿ ಹೊರಟ ಸಂಗತಿ ಇರುವುದು ಅನುಬಂಧದ ಕಾಲಪಟ್ಟಿಯಲ್ಲಿ: ಕಥೆಯ ಯುದ್ಧ ಮುಗಿದು 122 ವರ್ಷಕ್ಕೆ, ಗೆಳೆಯ ಅರಾಗೊರ್ನ್ ತೀರಿಕೊಂಡ ವರ್ಷ. ಅಷ್ಟೂ ಕಾಲ ಸೆಳೆತ ಒಳಗೇ ಇತ್ತು, ಗೆಳೆತನ ಹಿಡಿದುಕೊಂಡಿತ್ತು.

ನಿಮ್ಮ ಹುಡುಗಿಯನ್ನು ಹಿಡಿದುಕೊಳ್ಳುವುದು ಏನೂ ಇಲ್ಲ. ಮೊದಲ ಪುಟದಿಂದಲೇ ಅವಳಿಗೆ ಮಗ್ಗವೆಂದರೆ ಬೇಸರ. ಬೇಸರವಾದ ಊರನ್ನು ಬಿಟ್ಟು ಹೋಗುವುದು ಹಂಬಲವಲ್ಲ, ಗುಳೆ. ಅವಳಿಗೆ ಮಗ್ಗದ ಮೇಲೆ ಪ್ರಾಣವಿರಲಿ. ಕಡಲಿನ ಸುಳಿವು ಸಿಕ್ಕ ಮೇಲೆ ಅದೇ ಲಾಳಿಯ ಸದ್ದು ಸಾಲದಾಗಲಿ, ಕೈ ತಪ್ಪಿ ಒಂದು ಎಳೆ ಹರಿಯಲಿ.

ಸುಳಿವು ಎಲ್ಲಿಂದ ಅಂದರೆ, ಅದನ್ನು ನೀವೇ ಬರೆದಿದ್ದೀರಿ. ಐದನೇ ಪುಟದಲ್ಲಿ ದಾಸಯ್ಯ ಬಿಟ್ಟುಹೋದ ಶಂಖವಿದೆ. ಇಡೀ ಕಥೆಯಲ್ಲಿ ಒಳ್ಳೆಯ ವಸ್ತು ಇದೊಂದೇ, ಆದರೆ ಅದನ್ನು ತಪ್ಪು ಹೊತ್ತಿನಲ್ಲಿ ಕಿವಿಗಿಟ್ಟಿದ್ದೀರಿ. ಶಂಖದೊಳಗೆ ಮೊರೆಯುವುದು ಕಡಲಲ್ಲ. ಸುತ್ತಲಿನ ಸದ್ದು ಆ ಟೊಳ್ಳಿನೊಳಗೆ ಹೊಕ್ಕು ಅನುರಣಿಸುತ್ತದೆ. ಖಾಲಿ ತಂಬಿಗೆಯನ್ನು ಕಿವಿಗೆ ಹಿಡಿದು ನೋಡಿ, ಹೀಗೇ ಕೇಳುತ್ತದೆ. ಹೊರಗೆ ಸದ್ದಿಲ್ಲದಿದ್ದರೆ ಒಳಗೂ ಇಲ್ಲ. ನೀವು ನಡುರಾತ್ರಿ, ಊರೆಲ್ಲ ಮಲಗಿದಾಗ ಶಂಖವನ್ನು ಭೋರ್ಗರೆಸಿದ್ದೀರಿ. ಅದನ್ನು ಹಗಲಿಗೆ ತನ್ನಿ, ಓಣಿಯ ಮಗ್ಗಗಳೆಲ್ಲ ನಡೆಯುತ್ತಿರುವಾಗ. ಆಗ ಅವಳು ಕಡಲೆಂದು ಕೇಳಿಸಿಕೊಳ್ಳುವುದು ತನ್ನ ಓಣಿಯನ್ನೇ. ಈ ಗುಟ್ಟನ್ನು ಅವಳಿಗೆ ಹೇಳಬೇಡಿ, ಓದುಗನಿಗೂ ಬಿಡಿಸಬೇಡಿ. ಮಗ್ಗಗಳು ಊಟಕ್ಕೆ ನಿಂತಾಗ ಶಂಖವೂ ಸುಮ್ಮನಾಯಿತು ಎಂದು ಒಂದು ವಾಕ್ಯ ಬರೆದರೆ ಸಾಕು.

ಕಿವಿಯ ದಾರಿ ನಮಗೆ ಹೊಸದೇನಲ್ಲ. ಶಿವರುದ್ರಪ್ಪನವರ ‘ಕಾಣದ ಕಡಲಿಗೆ’ ಪದ್ಯದಲ್ಲೂ ಕಡಲು ಮೊದಲು ಬರುವುದು ಮೊರೆತವಾಗಿ. ಹಕ್ಕಿಯೇ ಬೇಕೆಂದರೂ ಸುಳ್ಳಾಗದು: ಭೀಮಾ ನದಿಯ ಉಜನಿ ಹಿನ್ನೀರಿಗೆ ಚಳಿಗಾಲದಲ್ಲಿ ಕಡಲಹಕ್ಕಿಗಳು ಬರುತ್ತವೆ. ಆದರೆ ಶಂಖ ಇರುವಾಗ ಹಕ್ಕಿ ಬೇಡ, ಎರಡೂ ಸೇರಿದರೆ ಕಲಸುಮೇಲೋಗರ.

ಅವಳ ಮನೆಯ ನೆಲವನ್ನು ಬರೀ ‘ಕಲ್ಲುಹಾಸು’ ಅಂದು ಮುಂದೆ ಹೋಗಿದ್ದೀರಿ. ನಿಮ್ಮ ಪಕ್ಕದ ಶಹಾಬಾದಿನ ಫರ್ಸಿ ಸುಣ್ಣದ ಕಲ್ಲು, ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಪದರಪದರವಾಗಿ ಕೂತದ್ದು. ಅದಕ್ಕೇ ಹಲಗೆಯಂತೆ ಬಿಡಿಸಿಕೊಳ್ಳುತ್ತದೆ. ಅವಳು ಬರಿಗಾಲಲ್ಲಿ ಅದರ ಮೇಲೆ ಓಡಾಡಲಿ, ತಂಪು ಹತ್ತಲಿ. ಭೂವಿಜ್ಞಾನದ ಪಾಠ ಬೇಡ.

ಇನ್ನು ಕೊನೆಯ ಪುಟ. ಅವಳು ಬೊಗಸೆ ತುಂಬ ಕಡಲ ನೀರು ಕುಡಿದು ನಗುತ್ತಾಳೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮನೆಯಲ್ಲೇ ಅಷ್ಟು ಕರಗಿಸಿ ನಾಲಿಗೆಯ ತುದಿಗೆ ತಾಗಿಸಿ ನೋಡಿ, ನಗು ಬರುವುದಿಲ್ಲ. ಸಿ. ಎಸ್. ಲೂಯಿಸ್‌ನ ‘ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್’ನಲ್ಲಿ (1952) ರೀಪಿಚೀಪ್ ಎಂಬ ಇಲಿಗೆ ಕಡಲ ನೀರು ಸಿಹಿಯಾಗುತ್ತದೆ ನಿಜ, ಅದು ತೊಟ್ಟಿಲಲ್ಲಿದ್ದಾಗಲೇ ಕೇಳಿದ ಪದ್ಯ ಆ ಸಿಹಿಯನ್ನು ಹೇಳಿಟ್ಟಿತ್ತು. ನೀವು ಹಾಗೇನೂ ಹೇಳಿಟ್ಟಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಸೂರ್ಯನದು. ಹುಡುಗಿ ನದಿಯ ಜಾಡು ಹಿಡಿದು ಕೆಳಗೆ ನಡೆದು ಕಡಲು ಮುಟ್ಟಿದಾಗ ಸೂರ್ಯ ನೀರಿನಲ್ಲಿ ಮುಳುಗುತ್ತಾನೆ. ಟೋಲ್ಕಿನ್‌ನ ಎಲ್ಫ್‌ಗಳು ಪಡುವಣಕ್ಕೆ ಹೋಗುತ್ತಾರೆ, ಗೋಕರ್ಣದ ಚಿತ್ರಗಳಲ್ಲೂ ಸೂರ್ಯಾಸ್ತವೇ. ಆ ಗುಂಗಿನಲ್ಲಿ ಬರೆದಿರಬೇಕು. ನಿಮ್ಮ ಕಾಗಿಣಾ ಸೇರುವುದು ಭೀಮೆಯನ್ನು, ಭೀಮೆ ಕೃಷ್ಣೆಯನ್ನು, ಕೃಷ್ಣೆ ಮೂಡಣದ ಬಂಗಾಳ ಕೊಲ್ಲಿಯನ್ನು. ಲೂಯಿಸ್‌ನ ಇಲಿಯೂ ಮೂಡಣಕ್ಕೇ ಹೋದದ್ದು. ಅವಳನ್ನು ಬೆಳಗಿನ ಜಾವ ಮುಟ್ಟಿಸಿ, ಇನ್ನೂ ಕತ್ತಲಿರುವಾಗ, ಕಣ್ಣಿಗೆ ಏನೂ ಕಾಣದಾಗ. ಮೂರನೇ ಪುಟದ ಕನಸನ್ನು ಕಿತ್ತುಹಾಕಿ ಪ್ರತಿಯನ್ನು ಮತ್ತೆ ಕಳಿಸಿ.

— ಸಂ.