ಹೊಸ ಕೆಲಸ, ಮೊದಲೇ ಗೊತ್ತಾದ ಆಪರೇಷನ್: ರಜೆ ಕೇಳುವುದು ಹೇಗೆ?

ಪ್ರಶ್ನೆ: ಮೈಸೂರು ಹೆಬ್ಬಾಳದ ಕಂಪನಿಯೊಂದರಿಂದ ಆಫರ್ ಲೆಟರ್ ಬಂದಿದೆ. ಮುಂದಿನ ತಿಂಗಳು ಸೇರಬೇಕು. ನನಗೆ ತೊಡೆಸಂದಿನ ಹರ್ನಿಯಾ ಇದೆ, ಎರಡು ಮೂರು ತಿಂಗಳೊಳಗೆ ಆಪರೇಷನ್ ಮಾಡಿಸಿಕೊಳ್ಳಿ ಎಂದಿದ್ದಾರೆ ಡಾಕ್ಟರು. ಈಗಲೇ ಹೇಳಲೇ, ಸೇರಿದ ಮೇಲೆ ಹೇಳಲೇ?
– ಓದುಗರು, ಮಂಡ್ಯ

ಉತ್ತರ: ಹೇಳುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಕಂಪನಿಯ ಗುಂಪು ಆರೋಗ್ಯ ವಿಮೆ ಯಾವ ದಿನದಿಂದ ಅನ್ವಯಿಸುತ್ತದೆ, ಮೊದಲೇ ಇದ್ದ ಕಾಯಿಲೆಗೂ ಸಿಗುತ್ತದೆಯೇ ಎಂದು ಎಚ್‌ಆರ್‌ ಅವರಿಗೆ ಇಮೇಲ್ ಮಾಡಿ. ಹೊಸದಾಗಿ ಸೇರುವವರೆಲ್ಲ ಕೇಳುವ ಪ್ರಶ್ನೆಯೇ ಇದು. ಎಷ್ಟೋ ಗುಂಪು ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಸ್ವಂತಕ್ಕೆ ಕೊಂಡ ಪಾಲಿಸಿಗಳಲ್ಲಿ ಹರ್ನಿಯಾ, ಪಿತ್ತಕೋಶದ ಕಲ್ಲು, ಕಣ್ಣಿನ ಪೊರೆ ಇಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷದವರೆಗೆ ಕಾಯಬೇಕು. ಸೇರುವ ಮೊದಲೇ ಆಪರೇಷನ್ ಆದರೆ ಕಂಪನಿಯ ವಿಮೆ ಬರುವುದಿಲ್ಲ, ಪೂರ್ತಿ ಬಿಲ್ಲು ನಿಮ್ಮ ತಲೆ ಮೇಲೆ ಬೀಳಬಹುದು. ಸೇರಿದ ಮೇಲೂ ನಿಮ್ಮ ಹೆಸರು ಪಾಲಿಸಿಗೆ ಸೇರಿ ವಿಮೆಯ ಇ-ಕಾರ್ಡ್ ಕೈಗೆ ಬರುವವರೆಗೆ ತಾರೀಖು ಗಟ್ಟಿ ಮಾಡಬೇಡಿ. ಕ್ಯಾಶ್‌ಲೆಸ್ (ಬಿಲ್ಲನ್ನು ವಿಮಾ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವ) ಅನುಮತಿಗೆ ಆಸ್ಪತ್ರೆಯ ವಿಮಾ ಡೆಸ್ಕಿನವರು ದಾಖಲಾಗುವುದಕ್ಕೆ ಎರಡು ಮೂರು ದಿನ ಮೊದಲೇ ಅರ್ಜಿ ಕಳಿಸಲಿ.

ಉತ್ತರ ಬಂದ ಮೇಲೆ, ಸೇರುವ ಮೊದಲೇ ಹೇಳುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಆಫರ್ ಒಪ್ಪಿಕೊಂಡ ಪ್ರತಿ ನಿಮ್ಮ ಕೈಲಿರಲಿ. ಅಪಾಯವೇ ಇಲ್ಲ ಎಂದು ಯಾರೂ ಭರವಸೆ ಕೊಡಲಾರರು. ಆದರೆ ತರಬೇತಿ, ಶಿಫ್ಟು ಎಲ್ಲ ಹಂಚಿದ ಮೇಲೆ ಹೇಳಿದರೆ ಮ್ಯಾನೇಜರಿಗೆ ಆಗುವ ಕಿರಿಕಿರಿ ಪ್ರೊಬೇಷನ್ ಮುಗಿಯುವವರೆಗೂ ಉಳಿಯುತ್ತದೆ. ಸೇರುವಾಗ ತುಂಬುವ ಆರೋಗ್ಯ ಫಾರಂನಲ್ಲಿ ಕಾಯಿಲೆಯ ಬಗ್ಗೆ ಕೇಳಿದ್ದರೆ ನಿಜವನ್ನೇ ಬರೆಯಿರಿ. ಅಲ್ಲಿ ಸುಳ್ಳು ಹೇಳಿದ್ದು ಮುಂದೆ ಕೆಲಸಕ್ಕೇ ಕುತ್ತು ತರಬಹುದು.

ದಿನಗಳ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಆಸ್ಪತ್ರೆಯ ದಿನಗಳಷ್ಟನ್ನೇ ಕೇಳಿ, ಆಮೇಲೆ ಮತ್ತೆ ಮತ್ತೆ ವಿಸ್ತರಿಸುತ್ತಾರೆ. ರಕ್ತ ಪರೀಕ್ಷೆ, ಇಸಿಜಿ, ಅರಿವಳಿಕೆ ತಜ್ಞರ ತಪಾಸಣೆಗೆ ಒಂದು ದಿನ, ದಾಖಲಾತಿಗೆ ಎರಡು ಮೂರು ದಿನ, ವಾರ ಹತ್ತು ದಿನ ಬಿಟ್ಟು ಗಾಯ ತೋರಿಸಲು ಅರ್ಧ ದಿನ ಹಿಡಿಯಿರಿ. ಲ್ಯಾಪ್ರೊಸ್ಕೋಪಿಯಲ್ಲಾದರೆ (ಸಣ್ಣ ರಂಧ್ರಗಳ ಮೂಲಕ ಮಾಡುವ ಆಪರೇಷನ್) ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು. ಭಾರ ಎತ್ತುವ ಕೆಲಸಕ್ಕೆ ನಾಲ್ಕರಿಂದ ಆರು ವಾರ ಬೇಕು. ನಿಮ್ಮದು ದಿನಾ ಮಂಡ್ಯದಿಂದ ಮೈಸೂರಿಗೆ ಓಡಾಟ. ನಿಂತುಕೊಂಡು ರೈಲು, ಮೇಲೆ ಬೈಕು ಎಂದರೆ ಡಾಕ್ಟರು ಲೆಕ್ಕ ಬದಲಿಸುತ್ತಾರೆ, ಅದನ್ನೂ ಹೇಳಿ ಕೇಳಿ. ರಜೆಯ ನಡುವಿನ ಭಾನುವಾರವನ್ನೂ ರಜೆಗೆ ಸೇರಿಸುವ ಕಂಪನಿಗಳಿವೆ, ವಿಚಾರಿಸಿ.

ಪತ್ರ ಇಷ್ಟಿದ್ದರೆ ಸಾಕು: ‘ನನಗೆ ಮೊದಲೇ ಗೊತ್ತುಪಡಿಸಿದ ಶಸ್ತ್ರಚಿಕಿತ್ಸೆ ಆಗಬೇಕಿದೆ. 12ನೇ ತಾರೀಖಿನಿಂದ 25ರವರೆಗೆ ರಜೆ ಬೇಕು. ನಿಮಗೆ ಅನುಕೂಲವಾದರೆ ಎರಡು ವಾರ ಮುಂದೂಡಬಹುದು. 26ರಿಂದ ಹಾಜರಾಗುವೆ. ಆಮೇಲೆ ಒಂದು ತಿಂಗಳು ಭಾರ ಎತ್ತುವಂತಿಲ್ಲ. ಡಾಕ್ಟರ ಪತ್ರ ಲಗತ್ತಿಸಿದೆ.’ ಬಾಯಿಮಾತಿನಲ್ಲಿ ಒಪ್ಪಿದರೂ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಅನ್ವಯಿಸುವ ಕಚೇರಿಯಾದರೆ, ಕಾಯಿಲೆಗೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಮೊದಲ ವರ್ಷದಲ್ಲೇ ಉಂಟು. ಉಳಿದ ದಿನಗಳಿಗೆ ಸಂಬಳ ಕಡಿತವಾಗಬಹುದು. ಅಷ್ಟು ದಿನ ಪ್ರೊಬೇಷನ್ ಮುಂದೆ ಹೋಗುತ್ತದೆಯೇ ಎಂದು ನೇಮಕಾತಿ ಪತ್ರದಲ್ಲಿ ನೋಡಿ.

ತಾರೀಖು ಹೊಂದಿಸುವ ಈ ಲೆಕ್ಕಾಚಾರವೆಲ್ಲ ಹರ್ನಿಯಾದ ಗಂಟು ಒಳಕ್ಕೆ ಹೋಗುತ್ತಿರುವವರೆಗೆ ಮಾತ್ರ. ಗಂಟು ಗಟ್ಟಿಯಾಗಿ ಒಳಹೋಗದೆ, ವಿಪರೀತ ನೋವು, ವಾಂತಿ ಶುರುವಾದರೆ ಅದು ತುರ್ತು. ಆಗ ರಜೆಯ ಚಿಂತೆ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ತೂಬಿನಕೆರೆಯ ಕಾರ್ಖಾನೆಗೆ ಜನವರಿ 5ರಂದು ಸೇರಿದ್ದೇನೆ, ಸಂಬಳ 18,000. ಪಿತ್ತಕೋಶ ತೆಗೆಸಬೇಕು. ಇಎಸ್‌ಐನಿಂದ (ನೌಕರರ ರಾಜ್ಯ ವಿಮೆ) ರಜೆ ಸಂಬಳ ಸಿಗುತ್ತದೆಯೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಚಿಕಿತ್ಸೆಗೂ ಸಂಬಳಕ್ಕೂ ಬೇರೆ ಬೇರೆ ಲೆಕ್ಕ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ ಅನ್ವಯ, ಚಿಕಿತ್ಸೆ ಸೇರಿದಾಗಿನಿಂದಲೇ ಇದೆ. ಕಾಯಿಲೆ ರಜೆಯ ಹಣ ಮಾತ್ರ ಹೊಸಬರಿಗೆ ಸೇರಿ ಒಂಬತ್ತು ತಿಂಗಳಾದ ಮೇಲೆ. ನಿಮ್ಮ ಮೊದಲ ಕಂತಿನ ಅವಧಿ (ಇಎಸ್‌ಐಗೆ ಹಣ ಕಟ್ಟುವ ಅವಧಿ) ಜನವರಿ 5ರಿಂದ ಮಾರ್ಚ್ 31, ಅದಕ್ಕೆ ಸಿಗುವ ಸೌಲಭ್ಯದ ಅವಧಿ ಅಕ್ಟೋಬರ್ 5ರಿಂದ ಡಿಸೆಂಬರ್ 31. ಆ ಕಂತಿನ ಅವಧಿಯ ಕೆಲಸದ ದಿನಗಳಲ್ಲಿ ಅರ್ಧದಷ್ಟಕ್ಕಾದರೂ ಕಂತು ಸಂದಿರಬೇಕು. ಆಗ ದಿನಗೂಲಿಯ ಶೇ 70ರಂತೆ ಬರುತ್ತದೆ, ಮೊದಲ ಎರಡು ದಿನ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಪಿತ್ತಕೋಶ ತೊಂದರೆ ಕೊಡುತ್ತಿಲ್ಲ, ಕಾಯಬಹುದು ಎಂದು ಡಾಕ್ಟರೇ ಹೇಳಿದರೆ ಮಾತ್ರ ಅಕ್ಟೋಬರ್ ಯೋಚಿಸಿ. ಜ್ವರ, ಕಾಮಾಲೆ, ಪದೇ ಪದೇ ಹೊಟ್ಟೆನೋವು ಇದ್ದರೆ ಹಣಕ್ಕಾಗಿ ಕಾಯಬೇಡಿ.

ಮೊದಲು ನಿಮ್ಮ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ, ಅಲ್ಲಿಂದ ಆಸ್ಪತ್ರೆಗೆ ಬರೆಸಿಕೊಳ್ಳಿ. ನೇರವಾಗಿ ಖಾಸಗಿಯಲ್ಲಿ ಮಾಡಿಸಿಕೊಂಡು ಆಮೇಲೆ ಬಿಲ್ಲು ಹಿಡಿದು ಹೋದರೆ ಹಣ ಬರುವುದು ಕಷ್ಟ. ರಜೆ ಸರ್ಟಿಫಿಕೇಟ್ ಕೂಡ ಇಎಸ್‌ಐ ಡಾಕ್ಟರಿಂದಲೇ ಇರಲಿ.

ಪ್ರಶ್ನೆ: ಯಾವ ಆಪರೇಷನ್ ಎಂದು ಸೂಪರ್‌ವೈಸರ್ ಕೇಳುತ್ತಿದ್ದಾರೆ. ಗರ್ಭಕೋಶದ್ದು, ಹೇಳಲು ಮುಜುಗರ.
– ಓದುಗರು, ಮೈಸೂರು

ಉತ್ತರ: ಅವರಿಗೆ ಎಷ್ಟು ದಿನ ಬರುವುದಿಲ್ಲ, ಬಂದ ಮೇಲೆ ಏನು ಮಾಡಲಾಗದು ಎಂಬುದು ಗೊತ್ತಾದರೆ ಸಾಕು. ‘ಡಾಕ್ಟರ ಪತ್ರ ಎಚ್‌ಆರ್‌ಗೆ ಕೊಟ್ಟಿದ್ದೇನೆ ಸರ್’ ಎನ್ನಿ. ವಿಮೆಯ ಕಾಗದಗಳಲ್ಲಿ ಆಪರೇಷನ್ ಹೆಸರು ಇದ್ದೇ ಇರುತ್ತದೆ, ಅವು ಎಚ್‌ಆರ್‌ ಮತ್ತು ವಿಮಾ ಕಂಪನಿಯವರ ನಡುವೆ ಇರಲಿ, ತಂಡದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಮರಳುವಾಗ ಫಿಟ್‌ನೆಸ್ ಸರ್ಟಿಫಿಕೇಟ್‌ನಲ್ಲಿ ಬರೀ ‘ಕೆಲಸಕ್ಕೆ ಯೋಗ್ಯ’ ಎಂದು ಬರೆಸಬೇಡಿ. ‘ಇಂಥ ತಾರೀಖಿನವರೆಗೆ ಭಾರ ಎತ್ತುವಂತಿಲ್ಲ, ಹೆಚ್ಚು ಹೊತ್ತು ನಿಲ್ಲುವಂತಿಲ್ಲ’ ಎಂದೂ ಬರೆಸಿ.