ನನ್ನ ಓಟು ಬೇರೆ ಯಾರೋ ಹಾಕಿಬಿಟ್ಟಿದ್ದರು!

ಪ್ರಶ್ನೆ: ಕಳೆದ ಚುನಾವಣೆಯಲ್ಲಿ ಮಧ್ಯಾಹ್ನ ಬೂತಿಗೆ ಹೋದೆ. ಪಟ್ಟಿ ನೋಡಿದವರು ‘ನಿಮ್ಮ ಓಟು ಆಗಲೇ ಬಿದ್ದಿದೆಯಲ್ಲಮ್ಮ’ ಅಂದರು. ಬೆರಳಲ್ಲಿ ಶಾಯಿ ಇಲ್ಲ ಅಂತ ತೋರಿಸಿದೆ. ಹಿಂದೆ ದೊಡ್ಡ ಕ್ಯೂ ಇತ್ತು, ಮುಜುಗರವಾಗಿ ಸುಮ್ನೆ ವಾಪಸ್ ಬಂದೆ. ಏನು ಮಾಡಬಹುದಿತ್ತು? (ಹೆಸರು ಬೇಡ)

ಉತ್ತರ: ಓಟು ಹಾಕಿಯೇ ಬರಬಹುದಿತ್ತಮ್ಮ. ನಿಮ್ಮ ಪತ್ರ ಓದಿ ಬೇಜಾರಾಯಿತು, ಯಾಕಂದರೆ ದಾರಿ ಅಲ್ಲೇ ಇತ್ತು, ಯಾರೂ ಹೇಳಲಿಲ್ಲ ಅಷ್ಟೆ. ಇದಕ್ಕೆ ‘ಟೆಂಡರ್ ವೋಟ್’ ಅಂತಾರೆ, 1961ರ ಚುನಾವಣಾ ನಿಯಮಗಳಲ್ಲೇ ಇದೆ.

ಪಟ್ಟಿ ಹಿಡಿದವರ ಹತ್ತಿರ ವಾದ ಮಾಡಬೇಡಿ, ಮತಗಟ್ಟೆಯ ಅಧ್ಯಕ್ಷಾಧಿಕಾರಿ ಬಳಿ ಹೋಗಿ ಇದೇ ಪದ ಬಳಸಿ ಕೇಳಿ. ಅವರು ನಾಲ್ಕು ಪ್ರಶ್ನೆ ಕೇಳುತ್ತಾರೆ. ನೀವು ನೀವೇ ಅಂತ ಖಾತ್ರಿಯಾದರೆ ನಮೂನೆ 17ಬಿ ಪಟ್ಟಿಯಲ್ಲಿ ಸಹಿ ಹಾಕಿಸಿಕೊಂಡು ಒಂದು ಮತಪತ್ರ ಕೊಡುತ್ತಾರೆ. ಮಷೀನಿನ ಮೇಲೆ ಹೆಸರು, ಚಿಹ್ನೆ ಇರುವ ಹಾಳೆ ಇರುತ್ತಲ್ಲ, ಅಂಥದ್ದೇ. ಇದಕ್ಕಾಗಿಯೇ ಪ್ರತಿ ಬೂತಿಗೂ 20 ಹಾಳೆ ಮೊದಲೇ ಕಳಿಸಿರುತ್ತಾರೆ. ಮರೆಗೆ ಹೋಗಿ ಮುದ್ರೆ ಒತ್ತಿ, ಮಡಚಿ, ಅಧಿಕಾರಿ ಕೈಗೇ ಕೊಡಬೇಕು. ಅವರು ಬೇರೆ ಲಕೋಟೆಯಲ್ಲಿ ಇಡುತ್ತಾರೆ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಎಣಿಕೆಯ ದಿನ ಈ ಲಕೋಟೆ ಒಡೆಯುವುದಿಲ್ಲ. ಹಾಗಾದರೆ ಯಾಕೆ ಹಾಕಬೇಕು ಅಂತೀರಾ? ನಿಮ್ಮ ಹೆಸರಲ್ಲಿ ಬೇರೆಯವರು ಓಟು ಹಾಕಿದ್ದಕ್ಕೆ ಅದು ದಾಖಲೆ. ಗೆಲುವಿನ ಅಂತರ ತೀರಾ ಕಡಿಮೆಯಿದ್ದು ಕೇಸು ಹೈಕೋರ್ಟಿಗೆ ಹೋದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ರಾಜಸ್ಥಾನದ ನಾಥದ್ವಾರದಲ್ಲಿ 2008ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಸಿ.ಪಿ. ಜೋಶಿ ಒಂದೇ ಓಟಿನಿಂದ ಸೋತಾಗ ಟೆಂಡರ್ ವೋಟಿನ ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು. ನಮ್ಮ ಸಂತೇಮರಹಳ್ಳಿಯಲ್ಲೂ 2004ರಲ್ಲಿ ಧ್ರುವನಾರಾಯಣ ಗೆದ್ದಿದ್ದು ಒಂದೇ ಓಟಿನಿಂದ, 40,752ಕ್ಕೆ 40,751. ಕ್ಯೂನಲ್ಲಿ ಹಿಂದೆ ನಿಂತವರು ಗೊಣಗಿದರೂ ಪರವಾಗಿಲ್ಲ, ಹತ್ತು ನಿಮಿಷ ಕಾಯಲಿ.

ಇನ್ನೊಂದು, ಕಾರ್ಡ್ ಕೈಯಲ್ಲಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರು ಇರಲೇಬೇಕು. ಚುನಾವಣೆ ಘೋಷಣೆಯಾಗುವ ತನಕ ಕಾಯಬೇಡಿ, ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ವಿಚಾರಿಸಿ. ಹೆಸರು ಬಿಟ್ಟುಹೋಗಿದ್ದರೆ ನಮೂನೆ 6, ಮನೆ ಬದಲಾಗಿದ್ದರೆ ನಮೂನೆ 8.