ಹಾಲುಹಲ್ಲು ಹೇಗೂ ಬೀಳುತ್ತದಲ್ಲ?

ಪ್ರಶ್ನೆ: ಮಗನಿಗೆ ಎರಡು ವರ್ಷ. ರಾತ್ರಿ ಸಕ್ಕರೆ ಹಾಕಿದ ಹಾಲನ್ನು ಬಾಟಲಿಯಲ್ಲಿ ಕುಡಿಯುತ್ತಲೇ ನಿದ್ದೆ ಹೋಗುತ್ತಾನೆ. ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ ಬಿಳಿ ಗೆರೆ ಕಾಣುತ್ತಿದೆ. ‘ಹಾಲುಹಲ್ಲು ತಾನೇ, ಹೇಗೂ ಬೀಳುತ್ತವೆ’ ಎನ್ನುತ್ತಾರೆ ಅತ್ತೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಆ ಹಲ್ಲುಗಳನ್ನು ಒಣಬಟ್ಟೆಯಿಂದ ಒರೆಸಿ ಬೆಳಕಿನಲ್ಲಿ ನೋಡಿ. ವಸಡಿನ ಅಂಚಿಗೆ ಅಂಟಿಕೊಂಡಂತೆ, ಹೊಳಪಿಲ್ಲದ ಸೀಮೆಸುಣ್ಣದ ಬಣ್ಣ ಕಂಡರೆ ಅದು ಹುಳುಕಿನ ಮೊದಲ ಗುರುತು. ಹಲ್ಲಿನ ಖನಿಜ ಕರಗಿರುವ ಜಾಗ ಅದು. ತೂತು ಬೀಳುವ ಮುಂಚೆ ಎಚ್ಚೆತ್ತರೆ ಅಲ್ಲಿಗೇ ನಿಲ್ಲಿಸಬಹುದು. ಕಂದಾಗಿ ಮೆತ್ತಗಾದ ಮೇಲೆ ಮನೆಯಲ್ಲಿ ಸರಿಹೋಗದು. ಹಾಗಾಗಿ ಈ ವಾರವೇ ದಂತವೈದ್ಯರಿಗೆ ತೋರಿಸಿ.

ಮೇಲಿನ ಹಲ್ಲಿಗೇ ಯಾಕೆ? ಬಾಟಲಿ ಚೀಪುವಾಗ ಕೆಳಗಿನ ಹಲ್ಲುಗಳ ಮೇಲೆ ನಾಲಿಗೆ ಹಾಸಿಕೊಂಡಿರುತ್ತದೆ, ಹಾಲು ಮೇಲಿನವುಗಳ ಸುತ್ತ ನಿಲ್ಲುತ್ತದೆ. ಹಗಲಾದರೆ ಜೊಲ್ಲು ಅದನ್ನು ತೊಳೆಯುತ್ತದೆ. ನಿದ್ದೆಯಲ್ಲಿ ಜೊಲ್ಲು ಊರುವುದೇ ಕಡಿಮೆ.

ಸಕ್ಕರೆ ಇವತ್ತೇ ನಿಲ್ಲಿಸಿ. ಹಾಲನ್ನು ರಾತ್ರಿಯೂಟದ ಜೊತೆ ಲೋಟದಲ್ಲಿ ಕೊಡಿ. ಮಲಗುವಾಗಿನ ಬಾಟಲಿಗೆ ದಿನದಿನಕ್ಕೆ ನೀರು ಹೆಚ್ಚಿಸುತ್ತ, ಒಂದೆರಡು ವಾರದಲ್ಲಿ ಬರೀ ನೀರಿಗೆ ತನ್ನಿ. ಕೆಲವು ರಾತ್ರಿ ಅಳುತ್ತಾನೆ. ಆಗ ಎತ್ತಿ ತಟ್ಟಿ ಸಮಾಧಾನ ಮಾಡಿ, ಹಾಲಿಗೆ ಮರಳಬೇಡಿ.

ಹಲ್ಲುಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ಉಜ್ಜುವುದು ದೊಡ್ಡವರ ಕೆಲಸ, ಮಗು ಬ್ರಷ್ ಕಚ್ಚಿ ಆಡುವುದು ಲೆಕ್ಕಕ್ಕಿಲ್ಲ. ಇಬ್ಬರು ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂತು, ಮಗುವಿನ ತಲೆ ನಿಮ್ಮ ತೊಡೆಯ ಮೇಲೆ ಬರುವಂತೆ ಮಲಗಿಸಿ. ಕೈಕಾಲು ಇನ್ನೊಬ್ಬರು ಹಿಡಿಯಲಿ. ಬೆರಳಿನಿಂದ ಮೇಲ್ದುಟಿ ಎತ್ತಿ, ಮೆತ್ತನೆಯ ಬ್ರಷ್ಷನ್ನು ವಸಡಿನತ್ತ ಓರೆಯಾಗಿ ಇಟ್ಟು ಸಣ್ಣ ಸುತ್ತಿನಲ್ಲಿ ಆಡಿಸಿ. ತುಟಿ ಎತ್ತದೆ ಉಜ್ಜಿದರೆ ಹುಳುಕು ಹಿಡಿಯುವ ಆ ಬುಡವೇ ಉಳಿದುಬಿಡುತ್ತದೆ. 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್, ಒಂದು ಅಕ್ಕಿಕಾಳಿನಷ್ಟು ಸಾಕು. ಮೂರು ತುಂಬಿದ ಮೇಲೆ ಬಟಾಣಿಯಷ್ಟು. ನೊರೆ ಒರೆಸಿ, ನೀರಿನಿಂದ ಮುಕ್ಕಳಿಸಬೇಡಿ. ಇದ್ದಿಲು, ಉಪ್ಪು, ತರಿತರಿಯಾದ ಹಲ್ಲುಪುಡಿ ಬೇಡವೇ ಬೇಡ. ಹಾಲುಹಲ್ಲಿನ ಹೊರಪದರ ತೆಳು, ಬೇಗ ಸವೆಯುತ್ತದೆ.

ಅತ್ತೆಯವರ ಮಾತು ಮುಂದಿನ ಹಲ್ಲಿನ ಮಟ್ಟಿಗೆ ನಿಜ, ಅವು ಆರೇಳು ವರ್ಷಕ್ಕೆ ಬೀಳುತ್ತವೆ. ಆದರೆ ಹಾಲಿನ ದವಡೆ ಹಲ್ಲು 10–12 ವರ್ಷದವರೆಗೂ ಬೇಕು. ಅದನ್ನು ಬೇಗ ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ, ಬರಬೇಕಾದ ಹಲ್ಲಿಗೆ ಜಾಗವೇ ಇರುವುದಿಲ್ಲ.

ಪ್ರಶ್ನೆ: ನಮ್ಮೂರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ದೊಡ್ಡವರ ಹಲ್ಲಲ್ಲಿ ಕಂದು ಕಲೆ ಇದೆ. ಮಗುವಿಗೆ ಫ್ಲೋರೈಡ್ ಪೇಸ್ಟ್ ಹಾಕಬಹುದೇ?
– ಓದುಗರು, ಪಾವಗಡ

ಉತ್ತರ: ಮೊದಲು ನೀರನ್ನು ಸರಿಪಡಿಸಿಕೊಳ್ಳಿ. ಅಕ್ಕಿಕಾಳಿನಷ್ಟು ಪೇಸ್ಟಿನಲ್ಲಿ ಇರುವುದು ಸುಮಾರು 0.1 ಮಿ.ಗ್ರಾಂ ಫ್ಲೋರೈಡ್. ಲೀಟರಿಗೆ 3 ಮಿ.ಗ್ರಾಂ ಇರುವ ನೀರಾದರೆ ಒಂದು ಲೀಟರಿನಲ್ಲೇ ಅದರ 30 ಪಟ್ಟು! ಕುಡಿಯುವ ನೀರಿನಲ್ಲಿ 1 ಮಿ.ಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಗರಿಷ್ಠ ಮಿತಿ. ಕಾಯಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕದ ಆರ್‌ಓ ನೀರನ್ನೇ ಬಳಸಿ. ಕುಡಿಯಲು ಮಾತ್ರವಲ್ಲ, ರಾಗಿ ಸರಿ ಕಾಸಲು, ಅನ್ನ ಬೇಯಿಸಲೂ ಅದೇ ಇರಲಿ. ಅಡುಗೆಗೆ ಕೊಳವೆಬಾವಿ ನೀರನ್ನೇ ಹಾಕುವಲ್ಲಿ ಹಲವರು ತಪ್ಪುತ್ತಾರೆ. ಮುಂದಿನ ಶಾಶ್ವತ ಹಲ್ಲುಗಳ ಹೊರಪದರ ದವಡೆಯೊಳಗೆ ರೂಪುಗೊಳ್ಳುವುದು ಹುಟ್ಟಿನಿಂದ ನಾಲ್ಕೈದು ವರ್ಷದೊಳಗೆ, ಕಲೆ ಬೀಳುವುದೂ ಆಗಲೇ. ನೀರಿನ ಪರೀಕ್ಷಾ ವರದಿ ಹಿಡಿದು ದಂತವೈದ್ಯರನ್ನು ಕೇಳಿ, ಪೇಸ್ಟಿನ ಮಾತು ಅವರೇ ನಿರ್ಧರಿಸಲಿ. ಹಾಕಿದರೂ ಅಕ್ಕಿಕಾಳು ಮೀರದಿರಲಿ, ಟ್ಯೂಬು ಮಗುವಿನ ಕೈಗೆ ಸಿಗದಿರಲಿ.

ಪ್ರಶ್ನೆ: ಆರು ವರ್ಷದ ಮಗಳಿಗೆ ಯಾವ ಹಲ್ಲೂ ಬೀಳದೆ ತೀರಾ ಹಿಂದೆ ದೊಡ್ಡ ಹಲ್ಲೊಂದು ಬರುತ್ತಿದೆ. ಸರಿಯೇ?
– ಓದುಗರು, ಶಿರಸಿ

ಉತ್ತರ: ಸರಿಯೇ. ಅದು ಶಾಶ್ವತ ದವಡೆ ಹಲ್ಲು. ಹಾಲುಹಲ್ಲಿನ ಸಾಲಿನ ಹಿಂದೆ ಹುಟ್ಟುವುದರಿಂದ ಯಾವುದೂ ಬೀಳಬೇಕಿಲ್ಲ. ಇದನ್ನೂ ಹಾಲುಹಲ್ಲೆಂದು ತಿಳಿದು ಕೆಡಲು ಬಿಡುವುದೇ ಹೆಚ್ಚು. ಪೂರ್ತಿ ಏಳುವವರೆಗೆ ಅದು ಉಳಿದ ಸಾಲಿಗಿಂತ ತಗ್ಗಿನಲ್ಲಿರುತ್ತದೆ, ಬ್ರಷ್ ಮೇಲಿಂದಲೇ ಹಾದುಹೋಗುತ್ತದೆ. ಬಾಯಿ ಅರ್ಧ ಮುಚ್ಚಿಸಿ, ಕೆನ್ನೆಯ ಕಡೆಯಿಂದ ಬ್ರಷ್ ಅಡ್ಡ ತೂರಿಸಿ ಅದೊಂದನ್ನೇ ಬೇರೆಯಾಗಿ ಉಜ್ಜಿ. ಪೂರ್ತಿ ಬಂದ ಮೇಲೆ, ಅಗಿಯುವ ಮೇಲ್ಭಾಗದ ಗೆರೆಗಳು ಆಳವಾಗಿದ್ದರೆ ಸೀಲೆಂಟ್ (ಆ ಗೆರೆಗಳನ್ನು ಮುಚ್ಚುವ ತೆಳು ಲೇಪ) ಹಾಕಿಸಿ. ಕೊರೆಯುವುದಿಲ್ಲ, ನೋವಿಲ್ಲ. ನಾಲ್ಕೂ ದವಡೆ ಹಲ್ಲು ಬರುತ್ತವೆ, ಪ್ರತಿಯೊಂದಕ್ಕೂ ಇದೇ ಕ್ರಮ.